ಜ್ವರ ಬಿಟ್ಮೇಲೆ ಮಾಡಿಸಿದ ‘ರಕ್ತನಾಳ ಪ್ಯಾಕೇಜು’: ಐದಕ್ಕೆ ಎರಡೂವರೆ ಸ್ಟಾರು

ಮೊದ್ಲೇ ಹೇಳ್ಬಿಡ್ತೀನಿ, ರಕ್ತ ತೆಗೆಯೋಕೆ ಬಂದ ಹುಡುಗನಿಗೆ ಐದಕ್ಕೆ ಐದು. ನನ್ನ ಕೈಯಲ್ಲಿ ನರ ಸಿಗೋದೇ ಕಷ್ಟ, ಎಷ್ಟೋ ಕಡೆ ನಾಲ್ಕು ನಾಲ್ಕು ಸಲ ಚುಚ್ಚಿದಾರೆ, ಇವ್ನು ಒಂದೇ ಏಟಿಗೆ ತೆಗೆದ. ಸ್ಟಾರ್ ಹೋಗಿದ್ದು ಪ್ಯಾಕೇಜ್ ಕೂಡಿಸಿದವರಿಂದ. ಲ್ಯಾಬ್ ಹೆಸರು ಹಾಕಲ್ಲ, ಈ ಥರ ಪ್ಯಾಕೇಜ್ ಈಗ ಸುಮಾರು ಜನ ಮಾರ್ತಾರೆ.

ನಂಗೆ ಟೈಪ್ ಟೂ ಶುಗರ್ ಶುರುವಾಗಿ ಹನ್ನೊಂದು ವರ್ಷ. ಈಚೆಗೆ ಫ್ಲೂ ಬಂತು, ಮೂಗಿನ ಸ್ವಾಬ್ ಟೆಸ್ಟಲ್ಲಿ ಇನ್‌ಫ್ಲುಯೆಂಜಾ ಎ ಅಂತ ಬಂತು, ಐದು ದಿನ ಹಾಸಿಗೆ. ಊಟ ಅರ್ಧಕ್ಕರ್ಧ ಕಮ್ಮಿ ಆದ್ರೂ ಮೀಟರಲ್ಲಿ ಶುಗರ್ 280. ಜ್ವರ ಬಂದ್ರೆ ಹಂಗೇ ಅಂತೆ, ಕಾರ್ಟಿಸಾಲ್ ಅಡ್ರಿನಲಿನ್ ಥರದ ಒತ್ತಡದ ಹಾರ್ಮೋನೆಲ್ಲಾ ಏರಿ ಲಿವರು ತನ್ನ ಸ್ಟಾಕಿಂದ ಸಕ್ಕರೆ ಬಿಡ್ತಾ ಇರುತ್ತೆ, ಆ ಕಡೆ ಇನ್ಸುಲಿನ್ ಮಾತನ್ನ ಯಾರೂ ಕೇಳಲ್ಲ. ಮಲಗಿದ್ದಾಗ ಸುಮ್ನಿರದೆ ಫೋನಲ್ಲಿ ಓದ್ತಾ ಹೋದೆ, 2018ರ ಕೆನಡಾದ ಸ್ಟಡಿ ಒಂದು ಸಿಕ್ತು, ಫ್ಲೂ ಅಂತ ಲ್ಯಾಬಲ್ಲಿ ಖಚಿತವಾದ ಮೊದಲ 7 ದಿನದಲ್ಲಿ ಹಾರ್ಟ್ ಅಟ್ಯಾಕ್ ಪ್ರಮಾಣ ಅದೇ ಜನರ ಬೇರೆ ದಿನಗಳಿಗಿಂತ ಸುಮಾರು 6 ಪಟ್ಟು. ಅದನ್ನ ಓದಿದ ಮೇಲೆ ಯಾರಿಗೆ ನಿದ್ದೆ ಬರುತ್ತೆ ಹೇಳಿ. ಅದೇ ಹೊತ್ತಿಗೆ ಸರಿಯಾಗಿ ಆ್ಯಪಲ್ಲಿ ಜಾಹೀರಾತು: ವೈರಲ್ ಜ್ವರದ ನಂತರದ ರಕ್ತನಾಳ ತಪಾಸಣೆ, ಡಯಾಬಿಟೀಸ್ ಇರೋರಿಗಂತಾನೇ. ಬುಕ್ ಮಾಡ್ಬಿಟ್ಟೆ, ಜ್ವರ ಶುರುವಾಗಿ ಒಂಬತ್ತನೇ ದಿನಕ್ಕೆ.

ಭಯ ಸುಳ್ಳಲ್ಲ, ಅದನ್ನ ಹೇಳ್ಲೇಬೇಕು. ರಕ್ತನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಅಸ್ತರಿ ಇರುತ್ತೆ, ಎಂಡೋಥೀಲಿಯಂ ಅಂತಾರೆ, ನೈಟ್ರಿಕ್ ಆಕ್ಸೈಡ್ ಬಿಟ್ಟು ನಾಳವನ್ನ ಸಡಿಲ ಇಡೋದು, ರಕ್ತ ಸುಮ್‌ಸುಮ್ನೆ ಹೆಪ್ಪುಗಟ್ಟದ ಹಂಗೆ ನೋಡ್ಕೊಳ್ಳೋದು ಎಲ್ಲಾ ಅದ್ರದ್ದೇ ಕೆಲಸ. ಶುಗರ್ ಇರೋರಲ್ಲಿ ಅದು ಮೊದ್ಲೇ ಸವೆದಿರುತ್ತೆ, ನೈಟ್ರಿಕ್ ಆಕ್ಸೈಡ್ ಕಮ್ಮಿ, ಪ್ಲೇಟ್‌ಲೆಟ್‌ಗಳು ಅಂಟಂಟು. ಅದ್ರ ಮೇಲೆ ವೈರಸ್ಸಿನ ಉರಿಯೂತ ಬಂದು ಕೂತ್ರೆ ನಾಳ ಬಿಗಿಯುತ್ತೆ, ಹೆಪ್ಪುಗಟ್ಟೋ ಕಡೆ ವಾಲುತ್ತೆ, ಆಗ್ಲೇ ಒಳಗೆ ಕೊಬ್ಬಿನ ಗಂಟು ಇದ್ರೆ ಒಡೆಯೋ ಸಾಧ್ಯತೆ. ಕೋವಿಡ್ ಟೈಮಲ್ಲೂ, 2020ರಲ್ಲಿ, ಸತ್ತವರ ಅಂಗಾಂಶ ನೋಡಿ ಈ ಅಸ್ತರಿಗೇ ಉರಿಯೂತ ಆಗಿರೋದನ್ನ ಡಾಕ್ಟರುಗಳು ಬರೆದಿದ್ರು. ಹಾಗಾಗಿ ಪ್ಯಾಕೇಜಿನ ಐಡಿಯಾ ಮೇಲೆ ನನ್ನ ತಕರಾರಿಲ್ಲ.

ರಿಪೋರ್ಟ್ ರಾತ್ರಿ ಹನ್ನೊಂದಕ್ಕೆ ಬಂತು. ತೆಗೆದ್ರೆ ಕೆಂಪೋ ಕೆಂಪು. ಉರಿಯೂತ ಎಷ್ಟಿದೆ ಅಂತ ತೋರಿಸೋ ಎಚ್‌ಎಸ್‌-ಸಿಆರ್‌ಪಿ 14, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೃದಯಕ್ಕೆ ಹೈ ರಿಸ್ಕ್’. ಹೆಪ್ಪು ಕರಗುವಾಗ ಉಳಿಯೋ ಚೂರು ಡಿ-ಡೈಮರ್, ಅದೂ ಜಾಸ್ತಿ, ಕೆಂಪು. ಕಬ್ಬಿಣ ಕೂಡಿಡೋ ಪ್ರೋಟೀನು ಫೆರಿಟಿನ್ ಜಾಸ್ತಿ, ಕೆಂಪು, ಅದಕ್ಕೆ ಕಂಪ್ಯೂಟರೇ ಬರೆದ ಸಲಹೆ ಬೇರೆ, ದೇಹದಲ್ಲಿ ಕಬ್ಬಿಣ ಹೆಚ್ಚಾಗಿದೆ ಕಮ್ಮಿ ಮಾಡ್ಕೊಳ್ಳಿ ಅಂತ. ಇಂಟರ್‌ಲ್ಯೂಕಿನ್-6 ಅನ್ನೋ ಉರಿಯೂತದ ಸಂಕೇತಕ್ಕೂ ಕೆಂಪು. ನಾನು ಬೆಳಗಿನ ಜಾವದ ತನಕ ಎದೆ ಮೇಲೆ ಕೈ ಇಟ್ಕೊಂಡೇ ಕೂತಿದ್ದೆ, ಹೆಂಡ್ತಿ ಎದ್ದು ಬಂದು “ನೋವಿದ್ಯಾ? ಇದ್ರೆ ಈಗ್ಲೇ ಹೊರಡೋಣ, ಇಲ್ಲಾಂದ್ರೆ ಆ ಫೋನ್ ಇಲ್ಲಿ ಕೊಡಿ” ಅಂದ್ಳು. ನೋವಿರ್ಲಿಲ್ಲ. ಫೋನ್ ಕೊಟ್ಟೆ.

ಮಾರನೇ ದಿನ ಡಾಕ್ಟ್ರು ನೋಡಿ ಮೊದ್ಲು ಕೇಳಿದ್ದು “ಜ್ವರ ಬಿಟ್ಟು ಎಷ್ಟು ದಿನ ಆಯ್ತು?” ನಾಲ್ಕು ದಿನ ಅಂದೆ. “ಮತ್ತೆ ಇನ್ನೇನು ಬರ್ಬೇಕಿತ್ರೀ ಇದ್ರಲ್ಲಿ” ಅಂತ ನಕ್ರು. ಸಿಆರ್‌ಪಿಯಲ್ಲಿ 1ಕ್ಕಿಂತ ಕಮ್ಮಿ, 1ರಿಂದ 3, 3ಕ್ಕಿಂತ ಜಾಸ್ತಿ ಅಂತ ಹೃದಯದ ರಿಸ್ಕ್ ಅಳೆಯೋ ಲೆಕ್ಕ ಇದ್ಯಲ್ಲ, ಅದು ಆರಾಮಾಗಿ ಇರೋ ಮನುಷ್ಯನಿಗೆ. 10 ದಾಟಿದ್ರೆ ಅದು ಇನ್‌ಫೆಕ್ಷನ್ ಥರದ ಬೇರೆ ಕಾರಣದ್ದು ಅಂತ ತಿಳ್ಕೊಂಡು, ಮೈ ಸರಿಹೋದ ಮೇಲೆ ಕೆಲವು ವಾರ ಬಿಟ್ಟು ಮತ್ತೆ ಮಾಡ್ಬೇಕು. ಇದು ಲ್ಯಾಬಿನವರಿಗೆ ಗೊತ್ತಿಲ್ಲದ ವಿಷಯ ಏನಲ್ಲ, ಆದ್ರೂ ಅದೇ ಪಟ್ಟಿಯಲ್ಲಿ ನನ್ನ 14ನ್ನ ತುರುಕಿ ಹೈ ರಿಸ್ಕ್ ಅಂತ ಒತ್ತಿದಾರೆ. ಫೆರಿಟಿನ್ನೂ ಉರಿಯೂತದ ಜೊತೆ ಏರೋದೇ, ಕಬ್ಬಿಣಕ್ಕೂ ಅದಕ್ಕೂ ಆ ಹೊತ್ತಲ್ಲಿ ಸಂಬಂಧ ಹಚ್ಚೋ ಹಂಗಿಲ್ಲ. ಡಿ-ಡೈಮರ್ ಅಂತೂ ಜ್ವರ, ವಯಸ್ಸು, ಆಪರೇಷನ್ನು ಯಾವುದಕ್ಕೂ ಏರುತ್ತೆ, ಅದು ಕಮ್ಮಿ ಬಂದ್ರೆ ಹೆಪ್ಪಿಲ್ಲ ಅನ್ನೋಕೆ ಉಪಯೋಗ, ಜಾಸ್ತಿ ಬಂತು ಅಂತ ಹೆಪ್ಪಿದೆ ಅನ್ನೋಕಾಗಲ್ಲ. ಕಾಲು ಒಂದೇ ಕಡೆ ಊದಿದ್ರೆ, ಉಸಿರು ಕಟ್ಟಿದ್ರೆ, ಎದೆ ನೋವಿದ್ರೆ ಪ್ಯಾಕೇಜ್ ಬುಕ್ ಮಾಡ್ತಾ ಕೂರೋದಲ್ಲ, ಎಮರ್ಜೆನ್ಸಿಗೆ ಓಡೋದು. ಇಂಟರ್‌ಲ್ಯೂಕಿನ್ ಬಗ್ಗೆ ಅವ್ರು ಏನೂ ಹೇಳ್ದೆ ಪೇಜ್ ತಿರುಗಿಸಿದ್ರು.

ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಆದ್ರೆ ಕೆಂಪು ನೋಡಿ ಅಲ್ಲ, ಹಸಿರು ನೋಡಿ. ಪ್ಯಾಕೇಜಲ್ಲಿ ಎಬಿಐ ಅಂತ ಒಂದಿತ್ತು, ಕಾಲಿನ ಗಿಣ್ಣಲ್ಲಿ ಬಿಪಿ ನೋಡಿ ಅದನ್ನ ತೋಳಿನ ಬಿಪಿಯಿಂದ ಭಾಗಿಸ್ತಾರೆ, ಕಾಲಿಗೆ ರಕ್ತ ಸರಿಯಾಗಿ ಹೋಗ್ತಿದ್ಯಾ ಅಂತ ತಿಳ್ಯೋಕೆ. ನನ್ನದು 1.46. ಟೆಕ್ನಿಷಿಯನ್ “ಸೂಪರ್ ಸರ್, ನಾರ್ಮಲ್‌ಗಿಂತ ಜಾಸ್ತಿನೇ ಇದೆ” ಅಂದ, ರಿಪೋರ್ಟಲ್ಲೂ ಹಸಿರು ಟಿಕ್ಕು. ಡಾಕ್ಟ್ರು ನಗು ನಿಲ್ಲಿಸಿದ್ದು ಇದನ್ನ ನೋಡಿ. 0.9 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಅಡಚಣೆ ಇರ್ಬಹುದು ಅಂತ ಎಲ್ಲರಿಗೂ ಗೊತ್ತು, 1.4 ದಾಟಿದ್ರೂ ಒಳ್ಳೇದಲ್ಲ, ಗೋಡೆಯಲ್ಲಿ ಸುಣ್ಣ ಕಟ್ಟಿ ನಾಳ ಗಟ್ಟಿಯಾಗಿದೆ, ಬಿಪಿ ಪಟ್ಟಿ ಎಷ್ಟು ಬಿಗಿದ್ರೂ ಅಮುಕ್ತಿಲ್ಲ ಅಂತ ಅರ್ಥ, ಬಹಳ ವರ್ಷದ ಶುಗರಲ್ಲಿ ಇದು ಮಾಮೂಲು. ಒಳಗೆ ಅಡಚಣೆ ಇದ್ರೂ ನಂಬರ್ ಚೆನ್ನಾಗೇ ಕಾಣುತ್ತೆ. ಹಂಗಾಗಿ ಕಾಲಿನ ಹೆಬ್ಬೆರಳಲ್ಲಿ ಪ್ರೆಷರ್ ನೋಡಿಸಿದ್ರು, ಅಲ್ಲಿನ ಸಣ್ಣ ನಾಳಗಳು ಅಷ್ಟಾಗಿ ಗಟ್ಟಿಯಾಗಿರಲ್ಲ. ಅದನ್ನೂ ತೋಳಿನ ಬಿಪಿಯಿಂದ ಭಾಗಿಸಿದ್ರೆ 0.74 ಬಂತು, ಸದ್ಯಕ್ಕೆ ಪರವಾಗಿಲ್ಲ, 0.7ರ ಮೇಲಿದ್ರೆ ಸರಿ ಅಂದ್ರು. ಯೋಚ್ನೆ ಮಾಡಿ, ಭಯ ಬೀಳ್ಬಾರದ ಕಡೆ ರಾತ್ರಿಯಿಡೀ ಭಯ ಬೀಳ್ಸಿ, ವಿಚಾರಿಸ್ಬೇಕಾದ ಕಡೆ ಸೂಪರ್ ಸರ್!

ಇನ್ನೊಂದು, ಶುಗರ್ ಇರೋರಿಗಂತಾನೇ ಮಾಡಿದ ಪ್ಯಾಕೇಜಲ್ಲಿ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಟೆಸ್ಟೇ ಇಲ್ಲ. ಸಣ್ಣ ರಕ್ತನಾಳ ಸೋರ್ತಿದ್ಯಾ ಅಂತ ತೋರಿಸೋ ಸುಲಭದ ಟೆಸ್ಟು ಅದು, 30ರ ಒಳಗಿದ್ರೆ ನಿಶ್ಚಿಂತೆ. ಜ್ವರದಲ್ಲಿ ಅದೂ ಸುಳ್ಳು ಏರುತ್ತೆ, ಅದಕ್ಕೇ ಒಂದೇ ಸಲ ನೋಡಿ ತೀರ್ಮಾನ ಮಾಡಲ್ಲ, 3ರಿಂದ 6 ತಿಂಗಳಲ್ಲಿ ಮೂರು ಸಲ ಮಾಡಿ ಎರಡು ಸಲ ಜಾಸ್ತಿ ಬಂದ್ರೆ ಮಾತ್ರ. ಎಚ್‌ಬಿಎ1ಸಿ ಇತ್ತು, 7.4, ಅದು ಎರಡು ಮೂರು ತಿಂಗಳ ಶುಗರಿನ ಸರಾಸರಿ, ಐದು ದಿನದ 280 ಅದ್ರಲ್ಲಿ ಕರಗಿಹೋಗುತ್ತೆ.

ಆರು ವಾರ ಬಿಟ್ಟು ಸಿಆರ್‌ಪಿ ಒಂದೇ ಬಿಡಿಯಾಗಿ ಮಾಡಿಸ್ದೆ, 2.1. ಮೂತ್ರದ್ದು 22. ನಿಜವಾಗಿ ಉಪಯೋಗಕ್ಕೆ ಬಂದಿದ್ದು ಪ್ಯಾಕೇಜಲ್ಲಿ ಇಲ್ದೇ ಇದ್ದ ಮಾತುಗಳು: ವರ್ಷ ವರ್ಷ ಫ್ಲೂ ಲಸಿಕೆ ಹಾಕಿಸ್ಕೊಳ್ಳಿ, ಕೊಲೆಸ್ಟ್ರಾಲ್ ಇಳಿಸೋ ಸ್ಟಾಟಿನ್ ಮಾತ್ರೆ ನಿಮ್ಮಷ್ಟಕ್ಕೆ ಬಿಡ್ಬೇಡಿ, ಗ್ಲಿಫ್ಲೋಜಿನ್ ಅಂತ ಮುಗಿಯೋ ಶುಗರ್ ಮಾತ್ರೆ ತಗೋತಿದ್ರೆ ಜ್ವರದಲ್ಲಿ ಊಟ ಸೇರದಿದ್ದಾಗ ಫೋನ್ ಮಾಡಿ ಕೇಳಿ, ಸ್ವಲ್ಪ ದಿನ ನಿಲ್ಲಿಸ್ಬೇಕಾಗ್ಬಹುದು, ಶುಗರ್ ತುಂಬಾ ಏರದೇನೂ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬ್ಕೊಳ್ಳೋ ಅಪಾಯ ಇದೆ. ನಾನು ಅದನ್ನ ಐದೂ ದಿನ ನಿಷ್ಠೆಯಿಂದ ನುಂಗಿದ್ದೆ.

ಲ್ಯಾಬಿಗೆ ಎಬಿಐ ಬಗ್ಗೆ ಮೇಲ್ ಹಾಕ್ದೆ. ಮೂರು ದಿನ ಬಿಟ್ಟು ಉತ್ತರ ಬಂತು, ನಿಮ್ಮ ಫಲಿತಾಂಶ ನಾರ್ಮಲ್ ಆಗಿದೆ, ಅಭಿನಂದನೆಗಳು ಅಂತ.