ಪಡುವಣ ಗೋಡೆಯ ಕಾವಿಗೆ ಒಳಗಿನಿಂದ ತಡೆ: ಪಿವಿಸಿ, ಥರ್ಮಕೋಲ್, ರಾಕ್‌ವೂಲ್

ಬಳ್ಳಾರಿಯಲ್ಲಿ ಪಡುವಣಕ್ಕೆ ಮೈಯೊಡ್ಡಿದ 9 ಇಂಚಿನ ಇಟ್ಟಿಗೆ ಗೋಡೆ ಎಂದರೆ ಏನು ಅಂತ ಅಲ್ಲಿ ಬೇಸಿಗೆ ಕಳೆದವರಿಗೆ ಗೊತ್ತು. ಬಿಸಿಲಿನ ಕಾವು ಆ ಗೋಡೆ ದಾಟಿ ಒಳಗೆ ಬರಲು ಆರೇಳು ತಾಸು ಹಿಡಿಯುತ್ತದೆ. ಹೊರಗೆ ಗಾಳಿ ತಂಪಾಗುವ ಹೊತ್ತಿಗೆ, ನಾವು ಹಾಸಿಗೆ ಬಿಚ್ಚುವಾಗ ಸರಿಯಾಗಿ, ಗೋಡೆ ಒಳಗೆ ಕಾವು ಬಿಡಲು ಶುರು ಮಾಡುತ್ತದೆ. ತಡೆಯುವುದಾದರೆ ಹೊರಗಿನಿಂದಲೇ ತಡೆಯುವುದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಯಾಚೆ ಪಕ್ಕದವರ ಖಾಲಿ ಸೈಟು, ಸಾರ್ವೆ ಕಟ್ಟಲು ಅವರು ಒಪ್ಪಲಿಲ್ಲ. ಹಾಗಾಗಿ ಮೂರು ಕೋಣೆಗಳಲ್ಲಿ ಒಳಗಿನಿಂದ ಮೂರು ಬಗೆ ಮಾಡಿಸಿದೆ.

ಪಿವಿಸಿ ಪ್ಯಾನೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋಡೆಗೆ ಮರದ ರೀಪರ್, ಅಂದರೆ ತೆಳು ಪಟ್ಟಿ, ಹೊಡೆದು ಮೇಲೆ ಪ್ಯಾನೆಲ್ ಸಿಕ್ಕಿಸುತ್ತಾರೆ. ಬೇಗ ಮುಗಿಯುತ್ತದೆ, ನೋಡಲು ಚೆಂದ. ಸೆಕೆ ಮಾತ್ರ ಹೆಚ್ಚುಕಡಿಮೆ ಹಾಗೇ ಇದೆ. ಜೊತೆಗೆ ಹಿಂದಿನ ಸಂದು ಜಿರಳೆಗೆ ಮನೆ, ರೀಪರ್ ಗೆದ್ದಲಿಗೆ ಊಟ. ಅದು ಅಲಂಕಾರ, ಅಷ್ಟೇ.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ. ಮಲಗುವ ಕೋಣೆಯಲ್ಲಿ 2 ಇಂಚಿನ ಥರ್ಮಕೋಲ್ ಹಾಳೆಗಳನ್ನು ಗೋಡೆಗೇ ಅಂಟಿಸಿ, ಫೈಬರ್ ಮೆಶ್ ಹಾಕಿ, ತೆಳುವಾಗಿ ಪ್ಲಾಸ್ಟರ್ ಮಾಡಿಸಿದೆ. ಇಲ್ಲಿ ಅಂಟು ನೋಡಿಕೊಳ್ಳಬೇಕು. ಬಡಗಿಗಳು ಮೈಕಾ ಅಂಟಿಸಲು ಬಳಸುವ ಹಳದಿ ರಬ್ಬರ್ ಗಮ್ ಹಚ್ಚಿದರೆ ಥರ್ಮಕೋಲ್ ಕಣ್ಣೆದುರೇ ಕುಗ್ಗಿ ಗುಳಿ ಬೀಳುತ್ತದೆ. ಒಂದು ಚೂರಿಗೆ ಹಚ್ಚಿ ನೋಡಿ, ಗೊತ್ತಾಗುತ್ತದೆ. ಟೈಲ್ಸ್ ಅಂಟಿಸುವಂಥ ಸಿಮೆಂಟ್ ಗಮ್ಮೇ ಸರಿ.

ಮಗನ ಕೋಣೆಯಲ್ಲಿ ಜಿಐ ಚಾನೆಲ್ (ಸತು ಲೇಪಿಸಿದ ಕಬ್ಬಿಣದ ಪಟ್ಟಿ) ನಿಲ್ಲಿಸಿ, ನಡುವೆ 2 ಇಂಚಿನ ರಾಕ್‌ವೂಲ್ (ಕಲ್ಲು ಕರಗಿಸಿ ಎಳೆ ತೆಗೆದು ಮಾಡಿದ ಹತ್ತಿಯಂಥ ಹಾಸು) ತುಂಬಿ, ಮೇಲೆ 12.5 ಎಂಎಂ ಜಿಪ್ಸಂ ಬೋರ್ಡ್ ಹೊಡೆಸಿದೆ. ಕೆಲಸ ಅಚ್ಚುಕಟ್ಟು. ಆದರೆ ರಾಕ್‌ವೂಲ್ ತುಂಬುವವರ ಪಾಡು ಕೇಳಬೇಡಿ. ಅದರ ಎಳೆಗಳು ಚರ್ಮಕ್ಕೆ ತಾಗಿದರೆ ಸಂಜೆವರೆಗೂ ತುರಿಕೆ. ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಯಾರನ್ನೂ ಅದಕ್ಕೆ ಇಳಿಸಬಾರದು.

ಕಾವು ತಡೆಯುವುದರಲ್ಲಿ ನನ್ನ ಮತ ಥರ್ಮಕೋಲ್‌ಗೆ. ಲೆಕ್ಕದ ಪ್ರಕಾರ 2 ಇಂಚು ಹಾಕಿದರೆ ಗೋಡೆಯಲ್ಲಿ ಹಾಯುವ ಶಾಖ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ರಾಕ್‌ವೂಲ್ ಕೂಡ ಕಾವನ್ನು ಅಷ್ಟೇ ತಡೆಯುತ್ತದೆ, ಆದರೆ ನಡುನಡುವೆ ಕಬ್ಬಿಣದ ಚಾನೆಲ್ ಇದೆಯಲ್ವಾ, ಶಾಖ ಅದರ ಮೂಲಕ ನುಸುಳುತ್ತದೆ. ಏಪ್ರಿಲ್ ರಾತ್ರಿ ಬೋರ್ಡ್ ಮೇಲೆ ಅಂಗೈ ಸರಿಸಿದರೆ ಚಾನೆಲ್ ಎಲ್ಲೆಲ್ಲಿದೆ ಅಂತ ಹೇಳಬಹುದು, ಅಲ್ಲಲ್ಲಿ ಉದ್ದಕ್ಕೆ ಒಂದೊಂದು ಬೆಚ್ಚನೆಯ ಪಟ್ಟೆ. ಚಾನೆಲನ್ನು ಗೋಡೆಗೆ ತಾಗಿಸದೆ ಅರ್ಧ ಇಂಚು ಬಿಟ್ಟು ನಿಲ್ಲಿಸಿದರೆ ಇದು ಕಡಿಮೆಯಾಗುತ್ತದೆ.

ಶಬ್ದ ಮತ್ತು ಬೆಂಕಿಯ ವಿಷಯದಲ್ಲಿ ರಾಕ್‌ವೂಲ್ ಮುಂದೆ. ರಸ್ತೆಯ ಲಾರಿ ಹಾರ್ನ್ ಆ ಕೋಣೆಯಲ್ಲಿ ಎಷ್ಟೋ ತಗ್ಗಿದೆ. ರಾಕ್‌ವೂಲ್‌ಗೆ ಬೆಂಕಿ ಹತ್ತುವುದಿಲ್ಲ. ಥರ್ಮಕೋಲ್ ಕರಗಿ ಉರಿದು ಕಪ್ಪು ಹೊಗೆ ಬಿಡುತ್ತದೆ, ಅದಕ್ಕೇ ಪ್ಲಾಸ್ಟರ್ ಇಲ್ಲದೆ ಎಲ್ಲೂ ಬರಿದಾಗಿ ಬಿಡಬಾರದು. ಅಡುಗೆಮನೆಗಂತೂ ನಾನು ಅದನ್ನು ಹಾಕಿಸುವುದಿಲ್ಲ. ಇರುವೆಗಳಿಗೂ ಥರ್ಮಕೋಲ್ ಕೊರೆದು ಗೂಡು ಮಾಡುವುದೆಂದರೆ ಇಷ್ಟ, ಬುಡದ ಸಂದುಗಳನ್ನು ಮುಚ್ಚಿಸಲೇಬೇಕು.

ಎರಡರಲ್ಲೂ ಕೋಣೆ ಎರಡೂವರೆ, ಮೂರು ಇಂಚು ಕಿರಿದಾಗುತ್ತದೆ. ಸ್ವಿಚ್ ಬಾಕ್ಸ್‌ಗಳನ್ನು ಮುಂದಕ್ಕೆ ತರಬೇಕು, ಎಲೆಕ್ಟ್ರಿಷಿಯನ್‌ನನ್ನು ಮೊದಲೇ ಕರೆಸಿ. ಗೀಸರ್, ಪುಸ್ತಕದ ಶೆಲ್ಫ್‌ನಂಥ ಭಾರ ತೂಗುಹಾಕುವುದಿದ್ದರೆ ಮೊಳೆ ಇಟ್ಟಿಗೆವರೆಗೂ ಹೋಗಬೇಕು.

ಮನೆಯ ಮೇಲೆ ಬರಿ ಆರ್‌ಸಿಸಿ ಇದ್ದರೆ ಮೊದಲು ತಾರಸಿಗೆ ಬಿಳಿ ಬಣ್ಣ ಹೊಡೆಸಿ, ಗೋಡೆ ಆಮೇಲೆ. ಬಚ್ಚಲಿಗೆ ಅಂಟಿದ ಗೋಡೆಯನ್ನು ನಾನು ಮುಟ್ಟಿಲ್ಲ. ಅಲ್ಲಿ ಉಪ್ಪು ಉಬ್ಬಿ ಬಣ್ಣ ಏಳುತ್ತಿತ್ತು. ತೇವ ಇರುವ ಗೋಡೆಗೆ ಏನು ಹೊದಿಸಿದರೂ ಒಳಗೊಳಗೇ ಬೂಷ್ಟು ಹಿಡಿಯುತ್ತದೆ. ಪೈಪ್ ಸೋರಿಕೆ ನಿಲ್ಲಿಸಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟೇ ಅದಕ್ಕೆ ಕೈ ಹಾಕಬೇಕು.