ಮಧ್ಯಾಹ್ನದ ಜಾಝ್ ಕೇಳೋಣ ಅಂತ ಫೆಸ್ಟಿವಲ್ ಟಿಕೆಟ್ ತಗೊಳ್ಳುವವರಿಗೆ

ಮ್ಯೂಸಿಕ್ ಫೆಸ್ಟಿವಲ್ ಪೋಸ್ಟರಿನಲ್ಲಿ ‘ಮಧ್ಯಾಹ್ನ 12:30, ಜಾಝ್’ ಅಂತ ಕಂಡರೆ ಅದೊಂದನ್ನೇ ನಂಬಿ ದುಡ್ಡು ಕಟ್ಟಬೇಡಿ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹೊರವಲಯದ ಒಂದು ಬಯಲಿನಲ್ಲಿ ನಮಗಾದ ಕಥೆ ಹೇಳುತ್ತೇನೆ. ಫೆಸ್ಟಿವಲ್ ಹೆಸರು ಬೇಡ.

ನನ್ನ ಜೊತೆ ಚಿಕ್ಕಪ್ಪ ಬಂದಿದ್ದರು. ಅವರಿಗೆ ಕದ್ರಿ ಗೋಪಾಲನಾಥ್ ಅಂದರೆ ಪ್ರಾಣ. ಕದ್ರಿಯವರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾಗಿದ್ದು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದ್ದು, ಎಲ್ಲವನ್ನೂ ದಾರಿಯುದ್ದಕ್ಕೂ ಹೇಳಿದರು. “ಅದೇ ವಾದ್ಯವನ್ನ ಜಾಝ್‌ನೋರು ಹೇಗೆ ಊದ್ತಾರೆ, ಒಂದ್ಸಲ ಎದುರಿಗೆ ಕೂತು ಕೇಳ್ಬೇಕು ಕಣೋ” ಅನ್ನೋದು ಅವರ ಬಹಳ ದಿನದ ಆಸೆ. ರಾತ್ರಿಯ ಕುಣಿತ, ಲೈಟು ಯಾವುದೂ ನಮಗೆ ಬೇಕಿರಲಿಲ್ಲ. ಆದರೂ ಇಡೀ ದಿನದ ಟಿಕೆಟ್ಟೇ ತಗೋಬೇಕಿತ್ತು. ಬರೀ ಮಧ್ಯಾಹ್ನಕ್ಕೆ ಅಂತ ಬೇರೆ ದರ ಇಲ್ಲ.

ಗೇಟು 11:30ಕ್ಕೆ ತೆರೆಯುತ್ತದೆ ಅಂದಿದ್ದರು. ಒಂದು ಗಂಟೆಯಾದರೂ ತೆರೆದಿರಲಿಲ್ಲ. ಸಾಲು ಬಿಸಿಲಲ್ಲೇ ನಿಂತಿತ್ತು. ಎಷ್ಟೋ ಜನರ ಫೋನು ಕಾದು ಬ್ರೈಟ್‌ನೆಸ್ ತಾನಾಗೇ ಇಳಿದು ಕ್ಯೂಆರ್ ಕೋಡ್ ಸ್ಕ್ಯಾನ್ ಆಗುತ್ತಿರಲಿಲ್ಲ. ಒಳಗೆ ನೀರಿನ ಬಾಟಲಿ ಬಿಡುವುದಿಲ್ಲ ಅಂತ ಗೇಟಿನಲ್ಲೇ ಕಸಿದುಕೊಂಡರು. ಒಳಗೆ ನೀರು ಬೇಕಂದರೆ ಮೊದಲು ಕೈಗೆ ಕಟ್ಟುವ ಪಟ್ಟಿಗೆ ದುಡ್ಡು ತುಂಬಿಸಬೇಕು, ಅದೂ ಕನಿಷ್ಠ 500 ರೂಪಾಯಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಕೇಳಿಕೊಳ್ಳಿ. ಮಾರ್ಚ್‌ನಲ್ಲಿ ಇಲ್ಲಿ ಬಿಸಿಲು 33-34 ಡಿಗ್ರಿ ದಾಟುವುದು ಮಾಮೂಲು. ಜಾಝ್ ವೇದಿಕೆಯ ಮುಂದೆ ಇದ್ದ ಒಂದೇ ಶಾಮಿಯಾನದ ಕೆಳಗೆ ಕೂತ ಚಿಕ್ಕಪ್ಪನನ್ನು ಒಬ್ಬ ಹುಡುಗ ಎಬ್ಬಿಸಿದ. “ಅಂಕಲ್, ಇದು ವಿಐಪಿ.” ಅಲ್ಲಿದ್ದ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ ಇತ್ತು!

ಸರಿ, ಬಿಸಿಲಾದರೂ ಸಹಿಸಬಹುದು. ನಿಜವಾದ ಮೋಸ ಇನ್ನು ಮುಂದೆ.

ಜಾಝ್ ತಂಡ ನುಡಿಸಲು ಶುರು ಮಾಡಿದಾಗಲೇ ಪಕ್ಕದ ದೊಡ್ಡ ವೇದಿಕೆಯಲ್ಲಿ ರಾತ್ರಿ ಕಾರ್ಯಕ್ರಮದ ಸೌಂಡ್ ಚೆಕ್ ಶುರುವಾಯಿತು. ಧಮ್, ಧಮ್, “ಚೆಕ್ ಒನ್ ಟೂ”, ಮತ್ತೆ ಧಮ್. ತಗ್ಗು ಸ್ವರದ ಶಬ್ದ ಅಡ್ಡಿಗಳನ್ನು ಸುತ್ತಿಬಳಸಿ ದೂರ ಹರಿಯುತ್ತದೆ. ಜಾಝ್‌ನ ದೊಡ್ಡ ತಂತಿವಾದ್ಯ ಡಬಲ್ ಬೇಸ್ ನುಡಿಯುವುದೂ ಅದೇ ತಗ್ಗು ಸ್ವರಗಳಲ್ಲಿ. ಹಾಗಾಗಿ ಮೊದಲು ಮುಳುಗಿದ್ದು ಡಬಲ್ ಬೇಸ್. ಡ್ರಮ್ಮರ್ ಕಡ್ಡಿ ಬಿಟ್ಟು ಬ್ರಷ್ ಹಿಡಿದು ಮೆಲ್ಲಗೆ ಸವರುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಬೀಳಲಿಲ್ಲ. ಜಾಝ್‌ನಲ್ಲಿ ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಅಲ್ಲೇ ಉತ್ತರ ಕೊಡಬೇಕು, ನಮ್ಮ ತನಿ ಆವರ್ತನದಲ್ಲಿ ಮೃದಂಗ ಮತ್ತು ಘಟದವರು ಮಾಡುವ ಹಾಗೆ. ವೇದಿಕೆ ಮೇಲಿದ್ದವರಿಗೇ ಒಬ್ಬರದ್ದು ಒಬ್ಬರಿಗೆ ಕೇಳಿಸುತ್ತಿಲ್ಲ ಅಂದಮೇಲೆ ನಮಗೇನು ಉಳಿಯುತ್ತದೆ?

ಸಾಲದ್ದಕ್ಕೆ ವೇದಿಕೆಗೆ ಪಶ್ಚಿಮದ ಕಡೆ ನೆರಳೇ ಇರಲಿಲ್ಲ. ಬಿಸಿಗೆ ಸ್ಯಾಕ್ಸೊಫೋನಿನ ಶ್ರುತಿ ಏರುತ್ತದೆ. ಗಿಟಾರಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಪಾಪ, ಪ್ರತಿ ಹಾಡಿನ ನಡುವೆಯೂ ಶ್ರುತಿ ಮಾಡಿಕೊಳ್ಳುತ್ತಲೇ ಇದ್ದರು. ಒಂದು ಗಂಟೆಯ ಕಛೇರಿ ಅಂತ ವೇಳಾಪಟ್ಟಿಯಲ್ಲಿತ್ತು. ಇಪ್ಪತ್ತು ನಿಮಿಷ ಚಿಲ್ಲರೆ ಆಗುವಷ್ಟರಲ್ಲಿ ಯಾರೋ ಬಂದು ಕೈಸನ್ನೆ ಮಾಡಿ ಇಳಿಸಿಬಿಟ್ಟರು. ಕಲಾವಿದರ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ, ನಮಗಿಂತ ಜಾಸ್ತಿ ಅನ್ಯಾಯ ಆಗಿದ್ದು ಅವರಿಗೆ.

ಇದು ಆ ದಿನದ ದುರದೃಷ್ಟ ಅಂತ ನನಗನಿಸುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಗೇಟಿನಲ್ಲಿ ತಡವಾದರೆ ಆ ತಡವನ್ನು ರಾತ್ರಿ ಕಡೆಗೆ ತಳ್ಳಲು ಬರುವುದಿಲ್ಲ, ಯಾರದ್ದಾದರೂ ಸಮಯ ಕತ್ತರಿಸಲೇಬೇಕು. ಹೆಚ್ಚು ಜನ ಬರುವುದೇ ರಾತ್ರಿಯ ದೊಡ್ಡ ಹೆಸರಿಗೆ. ಅದಕ್ಕೆ ಕತ್ತರಿ ಹಾಕುತ್ತಾರಾ? ಮಧ್ಯಾಹ್ನ ನುಡಿಸುವವರದ್ದಕ್ಕೇ ಹಾಕುತ್ತಾರೆ. ರಾತ್ರಿಯವರ ಸೌಂಡ್ ಚೆಕ್ ಬೆಳಿಗ್ಗೆ ಮುಗಿಯದಿದ್ದರೆ ಅದೂ ಇವರ ತಲೆ ಮೇಲೆಯೇ ಬೀಳುತ್ತದೆ.

ಹಾಗಾಗಿ ಟಿಕೆಟ್‌ಗೆ ಮುಂಚೆ ಆಯೋಜಕರಿಗೆ ಮೇಲ್ ಹಾಕಿ ಕೇಳಿ: ಎಷ್ಟು ವೇದಿಕೆ, ನಡುವೆ ಎಷ್ಟು ದೂರ, ಜಾಝ್ ನಡೆಯುವಾಗ ಪಕ್ಕದಲ್ಲಿ ಏನು ನಡೆಯುತ್ತದೆ, ಟಿಕೆಟ್ ತಗೊಂಡವರೆಲ್ಲರಿಗೂ ನೆರಳು ಇದೆಯಾ. ಫೋನಿನಲ್ಲಿ ಬೇಡ, ಬರಹದಲ್ಲೇ ಇರಲಿ. ಉತ್ತರ ಬರದಿದ್ದರೆ ಅದೇ ಉತ್ತರ. ವೇಳಾಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ನಮ್ಮದರಲ್ಲಿ ಮಾರನೇ ದಿನ ಜಾಲತಾಣದ ಪಟ್ಟಿಯೇ ಬದಲಾಗಿತ್ತು, ಕಛೇರಿ ಅರ್ಧ ಗಂಟೆಯದ್ದು ಅಂತ ಆಗಿತ್ತು! ಹಳೆಯದರ ಚಿತ್ರ ಇರದಿದ್ದರೆ ನಮ್ಮ ಮಾತು ಯಾರೂ ನಂಬುತ್ತಿರಲಿಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ, ಟಿಕೆಟ್ ಇಡೀ ದಿನದ್ದು, ಒಂದು ಕಛೇರಿಯದ್ದಲ್ಲ ಅಂದರು. ಕೈಪಟ್ಟಿಯಲ್ಲಿ ಉಳಿದ ಹಣಕ್ಕೂ ಸುತ್ತಾಡಿಸಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟ ಮೇಲೆ ಕೈಪಟ್ಟಿಯ ಹಣ ಬಂತು, ಟಿಕೆಟ್‌ನದ್ದು ಬರಲಿಲ್ಲ. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಹಾಕುತ್ತಿದ್ದೇವೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅರ್ಜಿಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದೂ ಇಲ್ಲ. 2 ವರ್ಷದ ಒಳಗೆ ಹಾಕಬೇಕು. ಇಂಥದ್ದು ನಿಮಗೂ ಆಗಿದ್ದು, ಟಿಕೆಟ್ ಮತ್ತು ಸ್ಕ್ರೀನ್‌ಶಾಟ್ ಇನ್ನೂ ಇಟ್ಟುಕೊಂಡಿದ್ದರೆ ನೀವೂ ಹಾಕಿ.