ಸಂಧಿವಾತಕ್ಕೆ ತೈ ಚಿ: ಕಾಲಿಗೆ ಹೌದು, ಬೆರಳಿಗೆ ಇಲ್ಲ

ತೈ ಚಿ ಅಂದರೆ ನಿಂತುಕೊಂಡು ನಿಧಾನವಾಗಿ ಕೈಕಾಲು ಆಡಿಸುವ ಚೀನಾದ ವ್ಯಾಯಾಮ. ನಾನು ಅದನ್ನು ಶುರು ಮಾಡಿ ಮೂರು ವರ್ಷದ ಮೇಲಾಯಿತು. ರುಮಟಾಯ್ಡ್ ಆರ್ಥ್ರೈಟಿಸ್ ಅದಕ್ಕೂ ಮೊದಲಿನಿಂದ ಇದೆ. ಇದು ವಯಸ್ಸಾದ ಮೇಲೆ ಕೀಲು ಸವೆದು ಬರುವ ಮಂಡಿನೋವಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುವ ಕಾಯಿಲೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಅದಕ್ಕೇ ಮೊದಲೇ ಹೇಳಿದೆ. ಮಂಡಿ ಸವೆತಕ್ಕೆ ಅಮೆರಿಕದ ಸಂಧಿವಾತ ತಜ್ಞರ ಸಂಘ ತೈ ಚಿಯನ್ನು ಬಲವಾಗಿಯೇ ಶಿಫಾರಸು ಮಾಡುತ್ತದೆ. ನಮ್ಮ ಕಾಯಿಲೆಗೆ ಅದೇ ಸಂಘದ 2022ರ ಮಾರ್ಗಸೂಚಿ ‘ವ್ಯಾಯಾಮ ಬೇಕೇ ಬೇಕು’ ಅನ್ನುತ್ತದೆ. ಆದರೆ ಯೋಗ, ತೈ ಚಿ ಅಂಥವಕ್ಕೆ ಬಂದಾಗ ದನಿ ಸ್ವಲ್ಪ ತಗ್ಗುತ್ತದೆ.

ನಾನು ಕಲಿತದ್ದು ಆಸ್ಟ್ರೇಲಿಯಾದ ವೈದ್ಯ ಪಾಲ್ ಲ್ಯಾಮ್ 1997ರಲ್ಲಿ ರೂಪಿಸಿದ ‘ತೈ ಚಿ ಫಾರ್ ಆರ್ಥ್ರೈಟಿಸ್’. ತೈ ಚಿಯಲ್ಲಿ ಹಲವು ಶೈಲಿಗಳಿವೆ, ಇದು ಸುನ್ ಶೈಲಿಯದ್ದು. ಈ ಶೈಲಿಯಲ್ಲಿ ಮಂಡಿ ಜಾಸ್ತಿ ಬಗ್ಗಿಸುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೇ ನಿಂತಿರುತ್ತೀರಿ. ಒಂದು ಕಾಲು ಮುಂದಿಟ್ಟರೆ ಇನ್ನೊಂದು ಕಾಲು ಹಿಂದೆಯೇ ಬಂದು ಸೇರುತ್ತದೆ. ಮೊದಲು ಆರು ಚಲನೆ, ಅವು ಕೈಗೆ ಹತ್ತಿದ ಮೇಲೆ ಮುಂದಿನವು. ನೆಲದ ಮೇಲೆ ಕೂರಬೇಕಿಲ್ಲ, ಮಣಿಕಟ್ಟಿನ ಮೇಲೆ ಮೈಭಾರ ಹಾಕಬೇಕಿಲ್ಲ. ನನಗೆ ಯೋಗಾಸನ ಬಿಡಿಸಿದ್ದೇ ಈ ಮಣಿಕಟ್ಟು.

ಕಲಬುರಗಿಯಲ್ಲಿ ಎದುರು ನಿಂತು ಇದನ್ನು ಕಲಿಸುವವರು ನನಗೆ ಸಿಗಲಿಲ್ಲ. ಮೊಬೈಲೇ ಗತಿ. ವಿಡಿಯೊದಲ್ಲಿ ಎದುರಿಗಿರುವವರ ಎಡಗೈ ನಮಗೆ ಬಲಗಡೆ ಕಾಣುತ್ತದಲ್ವಾ, ಅಲ್ಲಿಗೇ ತಲೆ ಕೆಡುತ್ತದೆ. ಬೆನ್ನು ತೋರಿಸಿ ಮಾಡುವ ವಿಡಿಯೊ ಹುಡುಕಿಕೊಳ್ಳಿ. ಮಧ್ಯೆ ಒಂದು ಆ್ಯಪ್‌ಗೂ ದುಡ್ಡು ಕಟ್ಟಿದ್ದೆ. ತಿಂಗಳು ಮುಗಿದರೂ ಬ್ಯಾಂಕಿನಿಂದ ತಾನೇ ಹಣ ಎಳೆದುಕೊಳ್ಳುತ್ತಿತ್ತು. ಅದನ್ನು ನಿಲ್ಲಿಸುವಷ್ಟರಲ್ಲಿ ಸಾಕುಸಾಕಾಯಿತು.

ಈಗ ಫಲದ ಮಾತು. ನನಗೆ ಗೊತ್ತಾಗುವಷ್ಟು ಬದಲಾದದ್ದು ಪಾದದ ಕೀಲು. ಶಾಲೆಯ ಮೆಟ್ಟಿಲು ಇಳಿಯುವಾಗ ಮೊದಲು ಗೋಡೆ ಹಿಡಿದು, ಅಡ್ಡಡ್ಡ ತಿರುಗಿ ಇಳಿಯುತ್ತಿದ್ದೆ. ಈಗ ಮಕ್ಕಳ ಜೊತೆ ನೆಟ್ಟಗೆ ಇಳಿಯುತ್ತೇನೆ. ಬಸ್ಸಿನಲ್ಲಿ ನಿಂತಾಗ ಆಯ ತಪ್ಪುವುದು ಕಡಿಮೆಯಾಗಿದೆ. ಪಬ್ಲಿಕ್ ಗಾರ್ಡನ್ನಿನಲ್ಲಿ ಒಂದು ಸುತ್ತು ಹಾಕಿದರೆ ಮರುದಿನ ಮಲಗಿಬಿಡುವ ಪಾಡು ಈಗಿಲ್ಲ. ಆದರೆ ಬೆರಳು? ಬೆರಳಿಗೆ ಏನೂ ಆಗಿಲ್ಲ. ಬೆಳಗಿನ ಬಿಗಿತ ಇದ್ದೇ ಇದೆ. ಜೋಳದ ರೊಟ್ಟಿ ಬಡಿಯುವ ಕೆಲಸ ಈಗಲೂ ನಮ್ಮ ವೈನಿಯದೇ. ಒಮ್ಮೆ ಅಂಗಳದಲ್ಲಿ ನಾನು ಅಭ್ಯಾಸ ಮಾಡುವಾಗ ಪಕ್ಕದ ಮನೆಯವರು, “ಏನ್ರೀ ಅಕ್ಕೋರೆ, ಗಾಳ್ಯಾಗ ರೊಟ್ಟಿ ಬಡಿಲಾಕತ್ತೀರೇನು?” ಅಂದರು. ನಿಜವಾದ ಹಿಟ್ಟು ಬಡಿಯಲಾಗದವಳಿಗೆ ಇಂಥ ಮಾತು ಬೇಕಿತ್ತಾ! ನಕ್ಕುಬಿಟ್ಟೆ.

ಸಂಶೋಧನೆ ಹೇಳುವುದೂ ಹೆಚ್ಚುಕಡಿಮೆ ಹೀಗೇ ಇದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರನ್ ಸಂಸ್ಥೆ 2004ರಲ್ಲಿ ತೈ ಚಿ ಪ್ರಯೋಗಗಳನ್ನು ನೋಡಿದಾಗ ಕಾಲಿನ ಕೀಲುಗಳ, ಅದರಲ್ಲೂ ಪಾದದ ಕೀಲಿನ ಚಲನೆ ಸುಧಾರಿಸಿದ್ದು ಕಂಡಿತು. ರೋಗ ಉಲ್ಬಣವಾಗಲಿಲ್ಲ, ತಗ್ಗಲೂ ಇಲ್ಲ. 2019ರಲ್ಲಿ ಮತ್ತೆ ನೋಡಿದಾಗ 7 ಪ್ರಯೋಗ, 345 ಜನ. ಇಷ್ಟರಿಂದ ನೋವು ಕಡಿಮೆಯಾಗುತ್ತದೆ ಅಂತ ಗಟ್ಟಿಯಾಗಿ ಹೇಳಲು ಬರುವುದಿಲ್ಲ ಅಂದರು. ಹಾಗಾಗಿ ‘ತೈ ಚಿಯಿಂದ ಸಂಧಿವಾತ ಮಾಯ’ ಅನ್ನುವ ವಿಡಿಯೊ ಕಂಡರೆ ಸುಮ್ನೆ ಮುಂದೆ ಹೋಗಿ. ಈ ಕಾಯಿಲೆಗೆ ಕೊಡುವ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಮಾತ್ರೆ, ಅದರ ಜೊತೆಗಿನ ಫೋಲಿಕ್ ಆಸಿಡ್, ಆಗಾಗ ಲಿವರ್ ಪರೀಕ್ಷೆ ನನಗೆ ಇವತ್ತಿಗೂ ನಡೆದೇ ಇವೆ. ಕೀಲು ಹಾಳಾಗುವುದನ್ನು ತಡೆಯುವುದು ಆ ಮೆಥೊಟ್ರೆಕ್ಸೇಟ್. ಉಳಿದ ಕೀಲನ್ನು ಬಳಸಲು ಕಲಿಸುವುದು ತೈ ಚಿ.

ನಮ್ಮ ಕಡೆಯ ಈ ಕಾಯಿಲೆಯವರಿಗೆ ಒಂದೆರಡು ಮಾತು. ‘ನಸುಕಿನಲ್ಲಿ ಎದ್ದು ಮಾಡಿ’ ಅನ್ನುವವರ ಮಾತು ಕೇಳಬೇಡಿ, ನಮಗೆ ಮೈ ಬಿಗಿದಿರುವುದೇ ಆ ಹೊತ್ತಿಗೆ. ನಾನು ಬಿಸಿನೀರಿನ ಸ್ನಾನ ಆದ ಮೇಲೆ ಮಾಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಹೊತ್ತು ಮುಳುಗಿದ ಮೇಲೆ ಅಂಗಳದಲ್ಲಿ. ಶಹಾಬಾದಿ ಫರಸಿಯ (ಕಲ್ಲುಹಾಸಿನ ನೆಲದ) ಮೇಲೆ ಸಾಕ್ಸ್ ಹಾಕಿ ಮಾಡಲೇಬೇಡಿ, ಜಾರುತ್ತದೆ. ಚಪ್ಪಟೆ ಅಡಿಯ ಬೂಟು ಒಳ್ಳೇದು. ಕೀಲು ಊದಿ ಕೆಂಪಾದ ದಿನ ಕುರ್ಚಿಯಲ್ಲಿ ಕೂತು ಉಸಿರಿನ ಭಾಗ ಮಾತ್ರ ಮಾಡಿ, ಇಲ್ಲವೇ ಬಿಡಿ. ಈ ಕಾಯಿಲೆ ಕುತ್ತಿಗೆಯ ಮೂಳೆಗೂ ಬರಬಹುದು. ಕುತ್ತಿಗೆ ನೋವಿದ್ದವರು, ಕೈ ಜೋಮು ಹಿಡಿಯುವವರು ಮೊದಲು ಡಾಕ್ಟರನ್ನು ಕೇಳಿ.

ಐದಕ್ಕೆ ಮೂರೂವರೆ ನಕ್ಷತ್ರ ಕೊಡುತ್ತೇನೆ. ಎದುರು ನಿಂತು ತಿದ್ದುವ ಗುರು ಊರಿನಲ್ಲೇ ಸಿಕ್ಕಿದ್ದರೆ ನಾಲ್ಕು ಕೊಡುತ್ತಿದ್ದೆ. ಅದೇ ಚಲನೆಗಳನ್ನು ಇನ್ನೊಂದು ಕಡೆಗೆ ತಿರುಗಿಸಿ ಮಾಡುವ ಭಾಗ ನನಗಿನ್ನೂ ಕೂಡಿಬಂದಿಲ್ಲ.